ಮೋಡದ ಚಕ್ಕುಬಂದಿ

ತಲಾಠಿಗೆ, ಅಂದರೆ ಗ್ರಾಮ ಲೆಕ್ಕಿಗನಿಗೆ, ಬೇಸರ ಎಂಬುದೇ ಇಲ್ಲ. ಕೆರೆ ಒಡೆದರೂ, ಹುಣಸೆಮರ ಬಿದ್ದರೂ, ಆಕಾಶದಲ್ಲಿ ಏನಾದರೂ ಹಾರಿದರೂ ಪಂಚನಾಮೆ ಬರೆಯಲು ಅವನೇ ಬೇಕು. ಆಕಾಶದ್ದು ನಿಜವಾಗಿ ನಡೆದದ್ದೇ. ತೊಂಬತ್ತರ ದಶಕದಲ್ಲಿ ನಾನು ಸವದತ್ತಿ ಕಡೆಯ ಹಳ್ಳಿಯೊಂದರಲ್ಲಿ ತಲಾಠಿಯಾಗಿದ್ದೆ. ವಾಯುಪಡೆಯ ಪೈಲಟ್ ಒಬ್ಬ ನಮ್ಮ ಗುಡ್ಡದ ಮೇಲೆ ದುಂಡಗೆ ಹೊಳೆಯುವ ಏನನ್ನೋ ಕಂಡಿದ್ದನಂತೆ. ತನಿಖೆಗೆಂದು ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಅವರ ಹಿಂದಿಯನ್ನು ಕನ್ನಡ ಮಾಡಲು ನನ್ನನ್ನು ಹಚ್ಚಿದರು.

ನನಗೋ ಹಬ್ಬ. ಹದಿನೆಂಟರಲ್ಲಿ ವಾಯುಪಡೆ ಸೇರಲು ಹೋಗಿ, ಕಣ್ಣು ಸರಿಯಿಲ್ಲವೆಂದು ವಾಪಸು ಬಂದವನು ನಾನು. ವಿಮಾನದ ಸಪ್ಪಳ ಕೇಳಿದರೆ ಹೊಲದ ಉತಾರ ಬರೆಯುವುದನ್ನು ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆ. ಒಮ್ಮೆ, ಒಂದೇ ಒಮ್ಮೆ ಮೇಲೆ ಹೋಗಬೇಕೆಂಬ ಆಸೆ ಎದೆಯಲ್ಲಿ ಹಾಗೇ ಉಳಿದಿತ್ತು.

ಸಾಕ್ಷಿ

"ಆವತ್ತು ಆಕಾಶದಾಗ ಏನರ ಕಂಡ್ರ್ಯಾ ಯಮ್ಮಾ?" ಎಂದು ಶೇಂಗಾ ಹೊಲದಲ್ಲಿದ್ದ ಮುದುಕಿಯನ್ನು ಕೇಳಿದೆ.

"ಕಂಡೇನ್ರಿ! ಎರಡು ರೆಕ್ಕಿ ಇದ್ದುವು. ಗುಡುಗಿದಂಗ ಸಪ್ಪಳ. ನಮ್ಮ ಎಮ್ಮಿ ಹಗ್ಗ ಹರಕೊಂಡು ಓಡಿ ಹೋತು."

ಅಧಿಕಾರಿ ಅವಸರದಿಂದ ಬರೆದುಕೊಂಡರು. ಊರ ಮಂದಿಯೆಲ್ಲ ಹೀಗೆಯೇ ಹೇಳಿದ ಮೇಲೆ ಪೆನ್ನು ಮುಚ್ಚಿ, "ಇವರೆಲ್ಲ ಕಂಡದ್ದು ನಮ್ಮ ಪೈಲಟ್‌ನನ್ನೇ" ಎಂದರು.

ಅದನ್ನು ಕನ್ನಡದಲ್ಲಿ ಹೇಳಿದೆ. ಮುದುಕಿ ಬಿಡಲಿಲ್ಲ: "ಹಂಗಾರ ಮೊದಲ ಅವನ್ನ ಹಿಡೀರಿ. ಎಮ್ಮಿ ಇನ್ನೂ ಹಾಲು ಕೊಡವಲ್ದು."

ಶರಾ

ತಾಲ್ಲೂಕು ಕಚೇರಿಯ ಸಾಹೇಬರ ಆಜ್ಞೆ ಬಂತು, ಪಂಚನಾಮೆ ಆಗಲಿ ಎಂದು. ಪಂಚನಾಮೆ ಎಂದರೆ ಚಕ್ಕುಬಂದಿ ಬೇಕು. ಜಾಗದ ನಾಲ್ಕೂ ದಿಕ್ಕಿಗೆ ಏನಿದೆ ಎಂದು ಬರೆಯಲೇಬೇಕು. ಬರೆದೆ: ಪೂರ್ವಕ್ಕೆ ಮೋಡ, ಪಶ್ಚಿಮಕ್ಕೆ ಮೋಡ, ಉತ್ತರಕ್ಕೆ ಸದರಿ ಪೈಲಟ್, ದಕ್ಷಿಣಕ್ಕೆ ಬಯಲು. ಕಡತ ತಿರುಗಿ ಬಂತು. ಕೆಂಪು ಶಾಯಿಯಲ್ಲಿ ಶರಾ ಇತ್ತು: "ಮೋಡ ಸರಕಾರಿಯೋ ಖಾಸಗಿಯೋ ಸ್ಪಷ್ಟಪಡಿಸಿ."

ಅರ್ಜಿ

ಆಗ ನನ್ನ ಬುದ್ಧಿ ಓಡಿತು. ಪಂಚನಾಮೆಯನ್ನು ಸ್ಥಳಕ್ಕೆ ಹೋಗಿಯೇ ಮಾಡಬೇಕೆಂಬುದು ನಿಯಮ. ಸ್ಥಳವೋ ಮೇಲಿದೆ. ಆದಕಾರಣ ನನ್ನನ್ನು ವಿಮಾನದಲ್ಲಿ ಕರೆದೊಯ್ಯಬೇಕು ಎಂದು ಅರ್ಜಿ ಕೊಟ್ಟೆ. ವಾಯುಪಡೆಯ ಅಧಿಕಾರಿ ನಕ್ಕರು, ಆದರೆ ಇಲ್ಲ ಎನ್ನಲಿಲ್ಲ. "ನಿಮ್ಮ ಸಾಹೇಬರು ಒಪ್ಪಲಿ" ಎಂದರು. ಹದಿನೈದು ದಿನ ಊಟ ರುಚಿಸಲಿಲ್ಲ. ಹೆಂಡತಿ ನನ್ನ ಸ್ವೆಟರು ತೆಗೆದು ಬಿಸಿಲಿಗೆ ಹಾಕಿ, "ಮ್ಯಾಲೆ ಥಂಡಿ ಇರತೈತಿ. ಕಿಡಕಿ ತಗೀಬ್ಯಾಡ್ರಿ ಮತ್ತ" ಎಂದಳು.

ಉತ್ತರ ಬಂತು: "ಸದರಿ ವಸ್ತು ಪಶ್ಚಿಮಕ್ಕೆ ಸರಿದಿರುವುದರಿಂದ ನಿಮ್ಮ ವ್ಯಾಪ್ತಿ ಮೀರಿದೆ. ಪ್ರಕರಣವನ್ನು ಪಕ್ಕದ ತಾಲ್ಲೂಕಿಗೆ ವರ್ಗಾಯಿಸಲಾಗಿದೆ." ಸ್ವೆಟರನ್ನು ನಾನೇ ಮಡಚಿ ಟ್ರಂಕಿನಲ್ಲಿಟ್ಟೆ. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು.

ಸ್ಥಳ ಪರಿಶೀಲನೆ

ತಿಂಗಳ ಮೇಲೆ ಆ ಪಕ್ಕದ ತಾಲ್ಲೂಕಿನ ತಲಾಠಿ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಓಡಿಹೋಗಿ ಕೈ ಹಿಡಿದುಕೊಂಡೆ.

"ಹೋಗಿದ್ರೇನ್ರಿ? ಮ್ಯಾಲಿಂದ ನಮ್ಮ ಗುಡ್ಡ ಹ್ಯಾಂಗ ಕಾಣತೈತ್ರಿ?"

"ಎಲ್ಲೀದು ತಗೀರಿ! ಚಾದಂಗಡ್ಯಾಗ ಕುಂತು ಬರದು ಕಳಿಸೇನಿ. 'ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿದೆವು' ಅಂತ ಐದೂ ಮಂದಿ ಪಂಚರು ಸಹಿ ಮಾಡ್ಯಾರ. ಒಬ್ಬಂವಂದು ಹೆಬ್ಬಟ್ಟು."

ಸರಕಾರದ ದಫ್ತರದ ಪ್ರಕಾರ ಐವರು ಆಕಾಶಕ್ಕೆ ಹೋಗಿ ಬಂದಾಗಿತ್ತು! ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಮುಗಿದ ಮೇಲೆ, ಯಾರಿಗೂ ಕೇಳಿಸದಂತೆ ಅವರ ಕಿವಿಯ ಹತ್ತಿರ ಬಗ್ಗಿದೆ.

"ಅಲ್ರಿ, ಅದರಾಗ ಇನ್ನೊಂದು ಸಹಿಗೆ ಜಾಗಾ ಐತೇನ್ರಿ?"