ಲಕ್ಷ ಸಾಲಿನ ಟೇಬಲ್

ಮಲ್ಲಿನಾಥನ ಟೇಬಲ್ ನೂರು ಸಾಲಿಗೆ ಓಡುತ್ತಿತ್ತು, ಸಾವಿರಕ್ಕೆ ತೆವಳುತ್ತಿತ್ತು, ಲಕ್ಷ ಸಾಲು ತುಂಬಿದೊಡನೆ ಹಟ ಹಿಡಿದ ಎಮ್ಮೆಯಂತೆ ಕೂತುಬಿಡುತ್ತಿತ್ತು. ಕಟ್ಟಿಗೆಯ ಟೇಬಲ್ಲಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಸಾಲು, ಕಾಲಮ್ಮುಗಳ ಟೇಬಲ್. ಪರದೆಗೆ ಬೇಕಾದ ಗುಂಡಿ, ಪಟ್ಟಿ, ಟೇಬಲ್ಲುಗಳನ್ನು ಬಿಡಿಭಾಗಗಳ ಹಾಗೆ ಮಾಡಿ ಮಾರುವ ಪುಣೆಯ ಕಂಪನಿಯೊಂದಕ್ಕೆ ಅವನು ಬನಹಟ್ಟಿಯ ಮನೆಯಲ್ಲೇ ಕೂತು ದುಡಿಯುತ್ತಿದ್ದ, ಎರಡು ವರ್ಷದಿಂದ ಹಂಗಾಮಿಯಾಗಿ. ಇವತ್ತು ಸಂಜೆ ಐದಕ್ಕೆ ಕಂಪನಿಯ ಮೇಲಧಿಕಾರಿ ಉಜ್ವಲಾ ಮೇಡಂ ಕಣ್ಣೆದುರು ಲಕ್ಷ ಸಾಲು ಸರಾಗ ಸರಿದರೆ ನೌಕರಿ ಕಾಯಂ.

ಬೆಳಿಗ್ಗೆ ಹೆಂಡತಿ ಶ್ರೀದೇವಿ ಪಕ್ಕದ ಮನೆಯ ದಾನಮ್ಮನ ಹತ್ತಿರ, ನಮ್ಮವರ ಕೆಲಸ ಎಲ್ಲೋ ಸಿಕ್ಕಿಕೊಂಡಿದೆ ಎಂದಳು. ಅಷ್ಟೇ ಸಾಕಾಯಿತು. ನೇಕಾರರ ಓಣಿಯಲ್ಲಿ ಒಬ್ಬರ ಕೆಲಸ ನಿಂತರೆ ಬಿಡಿಸಿಕೊಡಲು ಹತ್ತು ಮಂದಿ ತಮ್ಮ ಮಗ್ಗ ನಿಲ್ಲಿಸಿ ಬರುತ್ತಾರೆ.

ದಾನಮ್ಮ ಬಂದವಳೇ ಪರದೆ ನೋಡಿ, ಇದಕ್ಕೆ ಸೀರೆಯ ಅಂಚಿನ ಹಾಗೆ ದಡಿ ಯಾಕಿಲ್ಲ ಎಂದು ವಿಚಾರಿಸಿದಳು. ಅವಳ ಹಿಂದೆಯೇ ಬಂದ ಅಪ್ಪಾಸಾಬನದು ಬೇರೆ ಸಂಕಟ. ಚೌಕುಳಿ ಕಾಗದದ ಮೇಲೆ ಸೀರೆಯ ಡಿಸೈನು ಬರೆಯುತ್ತಲೇ ತಲೆ ನರೆತ ಮನುಷ್ಯ, ಟೇಬಲ್ಲಿನ ಬಣ್ಣವಿಲ್ಲದ ಚೌಕುಳಿ ಮನೆಗಳನ್ನು ಕಂಡು ಅವನಿಗೆ ಕೈ ಕಟ್ಟಿ ಕೂರಲಾಗಲಿಲ್ಲ. ಮಲ್ಲಿನಾಥ ಊಟ ಮುಗಿಸಿ ಬರುವಷ್ಟರಲ್ಲಿ ಒಂದೊಂದೇ ಮನೆಗೆ ಬಣ್ಣ ತುಂಬಿ, ಎರಡೂ ಅಂಚಿಗೆ ಹೂಬಳ್ಳಿ ಹಬ್ಬಿಸಿ, ತಲೆಸಾಲಿನಲ್ಲಿ ನಾಲ್ಕು ನವಿಲು ಕೂರಿಸಿದ್ದ. ಅವುಗಳನ್ನು ಓಡಿಸುವಷ್ಟರಲ್ಲಿ ಮೂರು ಗಂಟೆಯಾಯಿತು.

ಮಲ್ಲಿನಾಥನಿಗೆ ಅಳುವೊಂದು ಬಾಕಿ. ಎದುರು ಮನೆಯ ಮುದುಕ ನೇಕಾರ ತುಕಾರಾಮ ಕಾಕಾ ಅಷ್ಟು ಹೊತ್ತೂ ಹಿಂದೆ ನಿಂತು ನೋಡುತ್ತಿದ್ದವನು, ಖರೆ ತೊಂದರೆ ಏನೆಂದು ಕೇಳಿದ. ಲಕ್ಷ ಸಾಲನ್ನೂ ಒಮ್ಮೆಲೇ ಪರದೆಗೆ ತಯಾರಿಸಬೇಕಲ್ಲ, ಅದೇ ಭಾರ ಎಂದ ಮಲ್ಲಿನಾಥ.

"ಹುಚ್ಚಪ್ಪಾ, ಮಗ್ಗದ ಮ್ಯಾಲ ಇಡೀ ಸೀರಿ ಹರವಿ ಯಾರರ ನೇಯ್ತಾರೇನು? ಕಣ್ಣ ಮುಂದ ಗೇಣುದ್ದ ಇದ್ರ ಸಾಕು. ನೇಯ್ದದ್ದು ಈ ಕಡಿ ಸುತ್ಕೋತೈತಿ, ನೇಯೂದು ಆ ಕಡಿ ಸುತ್ತಿರ್ತೈತಿ."

ಮಲ್ಲಿನಾಥ ಹಣೆ ಬಡಿದುಕೊಂಡು ಕುರ್ಚಿಗೆ ಹಾರಿದ. ಪರದೆಗೆ ಕಾಣುವ ಮೂವತ್ತೇ ಸಾಲು ತಯಾರಿಸಿದ. ಮೇಲೆ ಮರೆಯಾದ ಸಾಲಿಗೇ ಹೊಸ ವಿವರ ತುಂಬಿ ಕೆಳಗಿನಿಂದ ತಂದ. ಐದಕ್ಕೆ ಹತ್ತು ನಿಮಿಷವಿರುವಾಗ ಲಕ್ಷ ಸಾಲೂ ಬಿಸಿ ಹೋಳಿಗೆಯ ಮೇಲಿನ ತುಪ್ಪದಂತೆ ಜಾರಿದವು.

ಪುಣೆಯಿಂದ ವಿಡಿಯೊ ಕರೆಯಲ್ಲಿ ಬಂದ ಉಜ್ವಲಾ ಮೇಡಂ ಮೂರು ಸಲ ಸರಿಸಿ ನೋಡಿ, ಈ ಉಪಾಯ ಹೇಗೆ ಹೊಳೆಯಿತೆಂದು ಕೇಳಿದರು. ತನಗೇ ಹೊಳೆಯಿತು ಅಂದಿದ್ದರೆ ಆಗಿತ್ತು. ಆದರೆ ಮಲ್ಲಿನಾಥನ ಎದೆ ಕೃತಜ್ಞತೆಯಿಂದ ತುಂಬಿ ಬಂದಿತ್ತು. ಕಾಕಾನನ್ನು ಎಳೆದು ಕ್ಯಾಮೆರಾ ಮುಂದೆ ಕೂರಿಸಿದ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಬನಹಟ್ಟಿಯವರಿಗೆ ಮರಾಠಿ ಏನು ಹೊಸದೇ, ಇಬ್ಬರ ಮಾತು ಅರ್ಧ ಗಂಟೆ ನಡೆಯಿತು.

ಕೊನೆಗೆ ಮೇಡಂ ಸಂಕೋಚದಿಂದಲೇ ತಿಳಿಸಿದರು. ಈ ವರ್ಷ ಮಂಜೂರಾದದ್ದು ಒಂದೇ ಕಾಯಂ ಹುದ್ದೆ, ಅದನ್ನು ಕಾಕಾಗೆ ಕೊಡುತ್ತೇವೆ. ಅವರು ಹೇಳಿದ್ದನ್ನು ಮಲ್ಲಿನಾಥ ಬರೆಯಲಿ, ಸದ್ಯಕ್ಕೆ ಹಂಗಾಮಿಯಾಗಿ.

ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟ.

"ಹೆದರಬ್ಯಾಡ ತಮ್ಮಾ, ನಿನ್ನ ಕೈ ಛಲೋ ಐತಿ. ವರ್ಷದಾಗ ನಾನ ನಿನ್ನ ಕಾಯಂ ಮಾಡಸ್ತೇನಿ. ನಾಳಿ ಎಂಟಕ್ಕ ಬರ್ತೇನಿ, ಕುರ್ಚಿ ಒರಸಿಡು."