ಬಬಲ್ ಚಹಾದ ಅಂಗಡಿಯಲ್ಲಿ ಅಣ್ಣನ ಕಣ್ಣಳತೆ

ನಮ್ಮಣ್ಣನ ಕಣ್ಣಿಗೆ ಬಿದ್ದವರು ಯಾರೂ ಅಳತೆ ಕೊಡದೆ ಹೋದದ್ದಿಲ್ಲ. ನೀವೂ ಅಷ್ಟೇ! ಅವನೆದುರು ಒಂದು ಗಳಿಗೆ ನಿಂತರೆ ಸಾಕು. ನೆತ್ತಿಯಿಂದ ಹಿಮ್ಮಡಿಯವರೆಗೆ ಎಷ್ಟು ಫೂಟು, ಎಷ್ಟು ಇಂಚು, ಭುಜದಿಂದ ಭುಜಕ್ಕೆ ಎಷ್ಟು ಅಗಲ, ಎಲ್ಲ ಹೇಳಿಬಿಡುತ್ತಾನೆ. ಟೇಪು ಬೇಡ, ದಾರ ಬೇಡ. ದರ್ಜಿ ಇರಬೇಕು ಅಂದುಕೊಂಡಿರಾ? ದರ್ಜಿಯಾಗಿದ್ದರೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಈ ವಯಸ್ಸಿನಲ್ಲಿ, ಅವನ ಬಗ್ಗೆ ಬರೆಯಲು ಯಾಕೆ ಕೂಡುತ್ತಿದ್ದೆ! ಅವನು ನಲವತ್ತೈದು ವರ್ಷ ಶವಪೆಟ್ಟಿಗೆ ಮಾಡಿದ ಬಡಗಿ.

ಬೀದರಿನಲ್ಲಿ ನಮ್ಮ ಚರ್ಚಿನ ಹಿಂದಿನ ಓಣಿಯಲ್ಲಿ ಅವನ ಕಾರಖಾನೆ ಇತ್ತು. ತಗಡಿನ ಮಾಡು, ಎರಡು ಬಾಗಿಲು. ನಮ್ಮ ಮಂದಿ ಎಲ್ಲೇ ತೀರಿಕೊಳ್ಳಲಿ, ಭಾಲ್ಕಿಯಲ್ಲಿರಲಿ, ಔರಾದಿನಲ್ಲಿರಲಿ, ಫೋನು ಅವನಿಗೇ ಬರುತ್ತಿತ್ತು. ಸತ್ತವರ ಮಗ ಅಳುತ್ತ, "ಅಪ್ಪನ ಅಳತಿ ಬರಕೋರಿ" ಅಂದರೆ ಇವನು ಏನನ್ನಬೇಕು?

"ಅಳತಿ ಹೇಳಬ್ಯಾಡೋ ತಮ್ಮಾ. ಕ್ರಿಸ್‌ಮಸ್‌ದಾಗ ನೋಡೇನಿ."

ಹೇಳಿ, ಇಂಥವನು ಪಕ್ಕದ ಬೆಂಚಿನಲ್ಲಿದ್ದರೆ ಪ್ರಾರ್ಥನೆಯ ಮೇಲೆ ಯಾರಿಗೆ ಮನಸ್ಸು ನಿಂತೀತು? ಅವನು ಚರ್ಚಿನ ಬಾಗಿಲಲ್ಲಿ ಕಾಣಿಸಿಕೊಂಡರೆ ನೆಟ್ಟಗೆ ಕುಳಿತ ಗಂಡಸರೆಲ್ಲ ಗೂನು ಬಿದ್ದವರ ಹಾಗೆ ಕುಗ್ಗುತ್ತಿದ್ದರು. ಅಳತೆ ತಪ್ಪಲಿ ಎಂದು! ಅದಕ್ಕೂ ಅವನಲ್ಲಿ ಉತ್ತರವಿತ್ತು. "ಎಷ್ಟರೇ ಕುಗ್ಗಲಿ, ನಾ ಎರಡಿಂಚು ಹೆಚ್ಚಿಗೇ ಇಡ್ತೇನಿ. ಒಳಗ ಇಕ್ಕಟ್ಟ ಆಗಬಾರದು."

ನನ್ನ ಮದುವೆಯ ದಿನ ನಮ್ಮ ಮನೆಯವರನ್ನು ನೋಡಿ, "ಐದು ಎಂಟು. ಭುಜಾ ಅಗಲ ಅವ" ಅಂದಿದ್ದ. ಗಂಡನನ್ನು ಹೊಗಳಿದ ಅಂತ ನಾನು ಸೆರಗಿನ ಮರೆಯಲ್ಲಿ ಹಿಗ್ಗಿದ್ದೇ ಹಿಗ್ಗಿದ್ದು. ಇಪ್ಪತ್ತೆಂಟು ವರ್ಷ ಬಾಳಿದೆವು. ಅವರು ಹೋದ ಬೆಳಿಗ್ಗೆ ಪೆಟ್ಟಿಗೆ ಬಂತು. ಯಾರೂ ಅಳತೆ ಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವನ ಆ ಎರಡಿಂಚು ಬಿಟ್ಟರೆ ಭುಜದ ಹತ್ತಿರ ಒಂದು ಬೆರಳೂ ಹೆಚ್ಚು ಕಡಿಮೆ ಇರಲಿಲ್ಲ. ಅವತ್ತು ನನ್ನ ಬೆನ್ನಲ್ಲಿ ಹುಟ್ಟಿದ ಚಳಿಯನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅಣ್ಣನ ಮೊಳಕಾಲು ಹೋದವು. ಕಾರಖಾನೆ ಬಾಡಿಗೆಗೆ ಕೊಟ್ಟ. ಹಿಡಿದವಳು ಹಲಬರ್ಗಾದ ಹುಡುಗಿ, ಪುಣೆಯಲ್ಲಿ ಕೆಲಸ ಕಲಿತು ಬಂದವಳು, ಬಲು ಚುರುಕು. ಅಲ್ಲಿ ಅವಳು ಏನು ಇಟ್ಟಳು ಅಂತೀರಿ? ಬಬಲ್ ಚಹಾದ ಅಂಗಡಿ! ಚಹಾಕ್ಕೆ ಐಸು ಹಾಕುತ್ತಾರೆ, ಅದು ಹಾಳಾಗಿ ಹೋಗಲಿ. ತಳದಲ್ಲಿ ಕಡಲೆಕಾಳಿನಷ್ಟು ದಪ್ಪ ಕಪ್ಪು ಸಾಬುದಾಣಿ ಗುಂಡು ಬೇರೆ. ಗ್ಲಾಸು ಎತ್ತಿದರೆ ಅವು ಒಟ್ಟಾಗಿ ನಮ್ಮ ಕಡೆಯೇ ಹೊರಳಿ ನೋಡುತ್ತವೆ. ಬೆರಳು ಹೋಗುವಷ್ಟು ದಪ್ಪನೆಯ ಪೈಪಿನಿಂದ ಎಳೆಯಬೇಕು. ಮೊದಲ ಸಲ ಎಳೆದಾಗ ಒಂದು ಗುಂಡು ಸೀದಾ ಗಂಟಲಿಗೆ ಹಾರಿ, ನನ್ನ ಅಳತೆಯ ಪೆಟ್ಟಿಗೆ ಅವತ್ತೇ ಬೇಕಾಗುತ್ತಿತ್ತು!

ಹುಡುಗಿ ಗೋಡೆಗೆಲ್ಲ ಗುಲಾಬಿ ಬಣ್ಣ ಬಳಿಸಿದಳು. ಎಂಟು ದಿನಕ್ಕೆ ಬಣ್ಣದೊಳಗಿಂದ ನೇರಳೆ ಅಂಕಿಗಳು ಹೊರಗೆ ಬಂದವು. ಐದು ಎರಡು. ಐದು ಏಳು. ನಾಲ್ಕು ಹನ್ನೊಂದು. ಅಣ್ಣ ನೇರಳೆ ಪೆನ್ಸಿಲ್ಲಿನಿಂದ ಗೋಡೆಯ ಮೇಲೆ ಬರೆದುಕೊಳ್ಳುತ್ತಿದ್ದ ಅಳತೆಗಳು! ಮತ್ತೆ ಬಳಿಸಿದಳು, ಮತ್ತೆ ಬಂದವು. ಮೂರನೇ ಸಲವೂ ಬಂದವು. ಹುಡುಗಿ ಕೈಬಿಟ್ಟಳು. ಕಾಲೇಜಿನ ಹುಡುಗಿಯರು ಅದು ಅಲಂಕಾರವೆಂದೇ ತಿಳಿದು, ಗೋಡೆಗೆ ಆತು ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು.

"ಐದು ಎರಡು! ಏ, ಇದು ನಂದೇ ಅದ ನೋಡ್ರೆ!" ಅಂತ ಒಬ್ಬಳು ಕುಣಿದಳು.

ಮೂಲೆಯ ಕುರ್ಚಿಯಿಂದ ಅಣ್ಣ ಮೆತ್ತಗೆ ಹೇಳಿದ: "ನಿಂದಲ್ಲವ್ವಾ. ಅದು ಔರಾದದ ಟೀಚರಮ್ಮಂದು."

ಹೌದು, ಅವನು ದಿನಾಲೂ ಅಲ್ಲೇ ಕೂಡುತ್ತಾನೆ. ಕೈಗೆ ಹತ್ತಿದ ಜಾಗ, ಬಿಡಲಾರ. ಬಿಸಿಲೇರಿ ತಗಡು ಕಾದರೆ ಆ ಸಿಹಿ ಚಹಾದ ವಾಸನೆಯೊಳಗಿಂದ ಹಳೆಯ ಕಟ್ಟಿಗೆಯ, ಪಾಲಿಶಿನ ವಾಸನೆ ಎದ್ದು ಬರುತ್ತದೆ. ಮಾತಾಡುತ್ತಿದ್ದವರು ಯಾಕೋ ಏನೋ ಸುಮ್ಮನಾಗುತ್ತಾರೆ. ಆಗ ಅವನು ಬಾಯಿ ಬಿಡುತ್ತಾನೆ! ಒಮ್ಮೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡ ಹುಡುಗಿ ಅವನೊಡನೆ ವಾದಕ್ಕೆ ನಿಂತಳು.

"ಐದು ಮೂರು ಹ್ಯಾಂಗ ಆಗ್ತೇನ್ ಮುತ್ಯಾ? ನಾ ಐದು ಆರು!"

"ಚಪ್ಪಲಿ ಬಿಟ್ಟು ಐದು ಮೂರು. ಅಲ್ಲಿ ಚಪ್ಪಲಿ ಹಾಕ್ಕೊಂಡು ಯಾರ್ ಹೋಗ್ತಾರವ್ವಾ?"

"ಅಲ್ಲಿ ಅಂದ್ರ ಎಲ್ಲಿ?"

ಅಂಗಡಿಯ ಹುಡುಗಿ ಗಬಕ್ಕನೆ ಮಿಕ್ಸರ್ ಚಾಲೂ ಮಾಡಿದಳು. ಆಮೇಲೆ ಕೈಮುಗಿದಳು: "ಮುತ್ಯಾ, ನಿಮ್ಮ ಕಾಲ್ ಬೀಳ್ತೇನಿ, ಸುಮ್ನ ಕೂಡ್ರಿ. ಗಿರಾಕಿ ಹೆದರ್ತಾರ್ರಿ."

"ನಾ ಏನ್ ಅಂದೆನವ್ವಾ? ಅಳತಿ ಹೇಳೇನಿ. ತಾರೀಖ ಹೇಳಿಲ್ಲ."

ಅಂಗಡಿಯಲ್ಲಿ ಅವನು ಮೆಚ್ಚಿದ್ದು ಒಂದೇ, ಗ್ಲಾಸಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವ ಮಷೀನು. ಹುಡುಗಿ ಹಿಡಿಕೆ ಒತ್ತಿದರೆ ಸುಂಯ್ ಎಂದು ಗ್ಲಾಸು ಮುಚ್ಚಿಕೊಳ್ಳುತ್ತದೆ. ತಲೆಕೆಳಗು ಮಾಡಿದರೂ ಹನಿ ಬೀಳುವುದಿಲ್ಲ. ಅಣ್ಣ ಅದನ್ನು ತಾಸುಗಟ್ಟಲೆ ನೋಡುತ್ತಿದ್ದ. "ಮುಚ್ಚಳ ಅಂದ್ರ ಹಿಂಗ ಕೂಡಬೇಕು ನೋಡ್ ತಂಗಿ. ಜೀವಮಾನ ಕಟ್ಟಿಗಿಗಿ ರಂದಾ ಹೊಡ್ದು ನುಣುಪ ಮಾಡ್ದೆ, ಹಿಂಗ ಕೂಡಿಸ್ಲಾಕ ನನಗ ಆಗ್ಲಿಲ್ಲ." ಆದರೆ ಗಿರಾಕಿಗಳು ಆ ಮುಚ್ಚಳಕ್ಕೆ ಪೈಪಿನಿಂದ ಠಪ್ಪೆಂದು ತೂತು ಹೊಡೆದರೆ ಮುಖ ಕಿವಿಚುತ್ತಿದ್ದ. ಮುಚ್ಚಿದ್ದನ್ನು ತೆರೆಯುವುದು ಅವನ ಕಸುಬಿನಲ್ಲೇ ಇಲ್ಲವಲ್ಲ!

ಈಗ ನನ್ನ ಸುದ್ದಿ ಕೇಳಿ. ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ. ಭಾಲ್ಕಿಗೆ ಕೊಟ್ಟ ನನ್ನ ಮಗಳಿಗೆ, ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಹೆಣ್ಣು ಕೂಸು ಹುಟ್ಟಿತು! ನಾನು ಅಜ್ಜಿಯಾದೆ! ನರ್ಸಮ್ಮ ತಂದು ಕೈಗಿಟ್ಟಾಗ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಕೂಡಿಯೇ ಮಾಡಿದೆ. ದವಾಖಾನೆಯ ವಾಚ್‌ಮನ್‌ಗೆ ಪೇಢೆ, ಪಕ್ಕದ ಹಾಸಿಗೆಯವಳ ನಾದಿನಿಗೆ ಪೇಢೆ, ವಾರ್ಡು ತಪ್ಪಿ ಬಂದಿದ್ದ ಅಪರಿಚಿತನೊಬ್ಬನಿಗೆ ಎರಡು ಪೇಢೆ! ಕೂಸಿನ ಕಿವಿ ನೋಡಬೇಕು ನೀವು, ಮಲ್ಲಿಗೆಯ ಎಸಳು.

ಎಲ್ಲರೂ ಬಂದು ನೋಡಿದರು. ಅಣ್ಣ ನೋಡಲಿಲ್ಲ. ದವಾಖಾನೆಯಲ್ಲಿ ಪರದೆಗೆ ಬೆನ್ನು ಹಾಕಿ ನಿಂತು, "ಛಲೋ ಆಯ್ತು, ಛಲೋ ಆಯ್ತು" ಅನ್ನುತ್ತ ಹಾಗೇ ಹೋದ. ತೊಟ್ಟಿಲಿಗೆ ಹಾಕುವ ದಿನ ಕರಿ ಕನ್ನಡಕ ಹಾಕಿಕೊಂಡು ಬಂದ. ಕಣ್ಣಿನ ಆಪರೇಶನ್ ಆಗಿದೆಯಂತೆ! ಎಲ್ಲಿ ಆಯಿತು, ಯಾವಾಗ ಆಯಿತು, ಒಡಹುಟ್ಟಿದ ನನಗೇ ಗೊತ್ತಿಲ್ಲ. ಕನ್ನಡಕದ ಒಳಗೆ ಕಣ್ಣನ್ನೂ ಮುಚ್ಚಿಕೊಂಡಿದ್ದ ಎಂದು ಕಾಣುತ್ತದೆ. ಬೆಳ್ಳಿಯ ಕಾಲ್ಗಡಗವನ್ನು ಕೂಸಿಗೆಂದು ತಂದು, ತಡಕಾಡಿ, ನಮ್ಮ ಬೀಗಿತ್ತಿಯ ಕೈಗೆ ತೊಡಿಸಲು ಹೋದ. ಎಂಬತ್ತು ಕಿಲೋದ ಬೀಗಿತ್ತಿ! ಮಂದಿ ನಕ್ಕು ನಕ್ಕು ಸುಸ್ತಾದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು.

ಕೂಸಿಗೆ ಐದನೇ ತಿಂಗಳು ನಡೆದಾಗ ತಡೆಯದೆ ಎತ್ತಿಕೊಂಡು ಸೀದಾ ಅಂಗಡಿಗೆ ಹೋದೆ. ಉರಿ ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಅವನು ಮೂಲೆಯಲ್ಲಿದ್ದ. ನನ್ನ ಬಳೆಯ ಸದ್ದು ಕೇಳಿ ಗೋಡೆಯ ಕಡೆ ತಿರುಗಿದ.

"ಅಣ್ಣಾ, ಇತ್ತಕಡಿ ನೋಡು. ನನ್ನ ಮೊಮ್ಮಗಳಿಗಿ ಏನ್ ಕೊರತಿ ಅದ ಹೇಳು. ಮೂಗಿಲ್ಲೇನು, ಮಾರಿಲ್ಲೇನು?"

"ಒಯ್ಯಿ ತಂಗಿ, ಮನಿಗಿ ಒಯ್ಯಿ."

"ಊರ ಮಂದಿನ್ನೆಲ್ಲ ನೋಡ್ತಿ, ಇಕಿನ್ನ ಯಾಕ ನೋಡಂಗಿಲ್ಲ?"

ಅವನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಗೋಡೆ ಸವರಿದ. ಎಲ್ಲ ಅಂಕಿಗಳಿಗಿಂತ ಕೆಳಗೆ, ಕುರ್ಚಿಯ ಕಾಲಿನ ಹತ್ತಿರ ಅವನ ಬೆರಳು ನಿಂತಿತು. ಅಲ್ಲೂ ಒಂದು ಅಳತೆ ಇತ್ತು, ನಾನು ಕಂಡೇ ಇರಲಿಲ್ಲ. ಒಂದು ಎಂಟು.

ಅಣ್ಣನಿಗೂ ಒಂದು ಹೆಣ್ಣು ಕೂಸು ಹುಟ್ಟಿತ್ತು. ಹನ್ನೊಂದು ದಿನ ಬದುಕಿತ್ತು. ಅಷ್ಟು ಮಾತ್ರ ನಮಗೆಲ್ಲ ಗೊತ್ತು.

"ಹುಟ್ಟಿದ ದಿನ ನೋಡ್ದೆ" ಅಂದ. "ಖುಷಿ ತಡೀಲಿಲ್ಲ. ಬಾಯಿಗಿ ಬಂತು, ಒಂದು ಎಂಟು ಅಂದೆ. ಹನ್ನೊಂದನೇ ದಿನ ಅದೇ ಅಳತಿಗಿ ಪೆಟ್ಟಿಗಿ ಮಾಡ್ದೆ. ಎರಡಿಂಚು ಹೆಚ್ಚಿಗಿ ಇಡ್ಲಿಕ್ಕ ಕೈ ಬರ್ಲಿಲ್ಲ ತಂಗಿ. ಅವತ್ತಿಂದ ಕೂಸುಗೋಳ್ನ ನೋಡಂಗಿಲ್ಲ."

ತಗಡು ಕಾದು ಟಿಣ್ ಟಿಣ್ ಎನ್ನುತ್ತಿತ್ತು. ಕಟ್ಟಿಗೆಯ ವಾಸನೆ ಮೂಗಿಗೆ ಅಡರಿತು. ಆಗ ನೆನಪಾಯಿತು, ನನ್ನ ಮಗಳನ್ನು ಕೂಡ ಅವನು ಎತ್ತಿ ಆಡಿಸಿದವನಲ್ಲ. ಅವಳು ಶಾಲೆಗೆ ಹೋಗುವಾಗಲೇ ಮೊದಲು ಮಾತಾಡಿಸಿದ. ಕೆಲಸದ ಗಡಿಬಿಡಿ ಅಂದುಕೊಂಡಿದ್ದೆ! ಸಿಟ್ಟಿನಿಂದ ಬಂದವಳು ನಾನು ಕೂಸಿನ ಮೇಲೆ ಸೆರಗು ಮುಚ್ಚಿ, ಹಿಂದೆ ನೋಡದೆ ಮನೆಗೆ ಓಡಿದೆ. ಎಂಟು ದಿನ ಆ ಓಣಿಗೆ ಹೋಗಲಿಲ್ಲ. ಕೂಸು ಮಲಗಿದರೆ ಉಸಿರಾಡುತ್ತಿದೆಯೋ ಎಂದು ಮೂಗಿಗೆ ಬೆರಳು ಹಿಡಿದು ನೋಡುತ್ತಿದ್ದೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೆ ನಮ್ಮ ಮನೆಯವರ ಐದು ಎಂಟನ್ನು ಹೇಗೆ ಮರೆಯಲಿ?

ಮಗಳು ಗಂಡನ ಮನೆಗೆ ಹೊರಡುವ ದಿನ ಬಂತು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಭಾಲ್ಕಿ ಬಸ್ಸಿಗೆ ಹೋಗುವ ಹಾದಿಯಲ್ಲಿ, "ಮಾಮಾಗ ಹೇಳಿ ಹೋಗ್ತೇನಿ" ಎಂದು ಅಂಗಡಿಗೆ ತಿರುಗಿದಳು. "ಬಸ್ ತಪ್ತದ, ನಡಿ" ಎಂದು ಎಷ್ಟು ಎಳೆದರೂ ಕೇಳಲಿಲ್ಲ. ಒಳಗೆ ಹೋದವಳು, ತಾಯಂದಿರು ಮಾಡುವ ಹಾಗೆಯೇ, "ಹಿಡೀರಿ ಮಾಮಾ, ಒಂದ್ ಚಹಾ ಕಟ್ಟಿಸ್ಕೋತೇನಿ" ಎಂದು ಕೂಸನ್ನು ಅವನ ತೊಡೆಯ ಮೇಲೆ ಇಟ್ಟೇಬಿಟ್ಟಳು!

ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿದ. ನಾನು ಬಾಗಿಲಲ್ಲೇ ಕಲ್ಲಾದೆ. ಕೂಸು ಅವನ ಮೀಸೆ ಎಳೆಯಿತು, ಅವನು ತೆರೆಯಲಿಲ್ಲ. ಮೂಗಿಗೆ ಬೆರಳು ಹಾಕಿತು, ತೆರೆಯಲಿಲ್ಲ. ಆಮೇಲೆ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಗ್ಲಾಸು ಅದರ ಕಣ್ಣಿಗೆ ಬಿತ್ತು. ಆ ಕಪ್ಪು ಗುಂಡುಗಳ ಕಡೆ ಒಮ್ಮೆಲೇ ಜಿಗಿಯಿತು ನೋಡಿ, ಅವನ ತೊಡೆಯಿಂದ ಜಾರಿಯೇಬಿಟ್ಟಿತು!

ಅಣ್ಣ ಕಣ್ಣು ತೆರೆದು ಗಪ್ಪನೆ ಹಿಡಿದ.

ಮಿಕ್ಸರ್ ನಿಂತಿತ್ತು. ಅವನ ಕಣ್ಣು ಕೂಸಿನ ನೆತ್ತಿಗೆ ಹೋಯಿತು, ಅಲ್ಲಿಂದ ಹಿಮ್ಮಡಿಗೆ ಇಳಿಯಿತು. ಆ ನೋಟ ನನಗೆ ಗೊತ್ತು. ತುಟಿ ಅಲುಗಿತು. ಬೇಡ ಅಣ್ಣಾ ಎಂದು ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಶುರು ಮಾಡಿಬಿಟ್ಟ.

"ಒಂದು..." ಅಂದ. ಕೂಸು ಕಾಲು ಝಾಡಿಸಿ ಮೈ ಸುರುಳಿ ಮಾಡಿತು. "ಎರಡು..." ಅಂದ. ಅದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಕೇಕೆ ಹಾಕಿತು. ಅವನು ಮತ್ತೆ ನೆತ್ತಿಯಿಂದ ಶುರು ಮಾಡಿದ, ಮತ್ತೆ ತಪ್ಪಿದ. ಕೊನೆಗೆ ದಿಕ್ಕುತಪ್ಪಿದವನಂತೆ ನನ್ನ ಮುಖ ನೋಡಿದ.

"ತಂಗಿ, ಅಳತಿ ಸಿಗವಲ್ದು."

"ಏನಂದಿ?"

"ನಿಂದ್ರವಲ್ಲಳವ್ವಾ ಇಕಿ. ಹಿಡ್ದೆ ಅನ್ನೂದ್ರಾಗ ಬೆಳೀಲತ್ತಾಳ!"

ಮಗಳು ಏನೂ ತಿಳಿಯದೆ, "ಬಸ್ಸಿನ ಹೊತ್ತಾಯ್ತವ್ವಾ" ಅಂದಳು. ನಾನು ಅವಳ ಕೈಯ ಚೀಲ ಕಸಿದು ನೆಲಕ್ಕಿಟ್ಟೆ. ಭಾಲ್ಕಿಗೆ ಮತ್ತೊಂದು ಬಸ್ಸು ಇದ್ದೇ ಇರುತ್ತದೆ. ಅಣ್ಣ ಕೂಸನ್ನು ಅಂಗಾತ ಮಲಗಿಸಿಕೊಂಡು, ಎಡಗಾಲಿನ ಕಿರುಬೆರಳಿನ ಉಗುರಿನಿಂದ ನೋಡಲು ಶುರು ಮಾಡಿದ್ದ. ನಿಧಾನ, ಬಲು ನಿಧಾನ. ಒಂದು ತಾಸಿನ ಮೇಲೆ ನಾನು ಇಣುಕಿದಾಗ ಇನ್ನೂ ಮೊಳಕಾಲಿನವರೆಗಷ್ಟೇ ಬಂದಿದ್ದ.