ಮರದ ನೆರಳಿನಲ್ಲೇ ಮಡಿಯುವವರ ದಂಡನಾಯಕರಿಗೆ

ಕದನ ಸ್ಮರಣೆ ಸಮಿತಿಯ ಅಧ್ಯಕ್ಷರೂ, ಒಂಬತ್ತು ವರ್ಷಗಳಿಂದ ನಮ್ಮ ಪಡೆಯ ದಂಡನಾಯಕರೂ, ವರ್ಷದ ಉಳಿದ ದಿನಗಳಲ್ಲಿ ಊರಿಗೆಲ್ಲ ಹಲ್ಲಿನ ಡಾಕ್ಟರೂ ಆಗಿರುವ ಮಾನ್ಯರೇ,

ಸವಿನಯ ವಂದನೆಗಳು. ಯುದ್ಧ ನಡೆಯುತ್ತಿರುವಾಗ ಮೈದಾನಕ್ಕೆ ನುಗ್ಗಿ ಹುತಾತ್ಮರ ಗೌರವಕ್ಕೆ ಚ್ಯುತಿ ತಂದದ್ದಕ್ಕಾಗಿ ನನ್ನ ತಾಯಿಗೆ ಮುಂದಿನ ವರ್ಷದಿಂದ ಪ್ರವೇಶವಿಲ್ಲವೆಂದು ತಾವು ಕಳಿಸಿದ ನೋಟಿಸು ತಲುಪಿತು. ಎಪ್ಪತ್ತಾರರ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ, ಅವರು ಎಲ್ಲಿಗಾದರೂ ನುಗ್ಗಬಲ್ಲರೆಂದು ನಂಬಿದವರು ತಾವೊಬ್ಬರೇ, ಮನೆಯವರೆಲ್ಲ ಋಣಿಗಳಾಗಿದ್ದೇವೆ.

ನಿಜವಾದ ಕದನ ನಡೆದ ಮೈದಾನದಲ್ಲೇ, ಅದೇ ನಡುಮಧ್ಯಾಹ್ನ, ಆ ಕದನವನ್ನು ಮತ್ತೆ ಆಡಿ ತೋರಿಸುತ್ತ, ಅಂದು ಸತ್ತಷ್ಟೇ ಜನರನ್ನು ತಾವು ಪ್ರತಿವರ್ಷ ತಪ್ಪದೆ ಸಾಯಿಸುತ್ತೀರಿ. ಮೈದಾನದಲ್ಲಿರುವುದು ಒಂದೇ ಮರ. ಹೀಗಾಗಿ ಮೊದಲ ವರ್ಷ ಅಲ್ಲಲ್ಲಿ ಚೆದುರಿ ಬಿದ್ದ ಯೋಧರು, ಮರುವರ್ಷದಿಂದ ಗುಂಡು ತಗಲಿದ ಮೇಲೂ ಐವತ್ತು ಹೆಜ್ಜೆ ಓಡಿಬಂದು ನೆರಳಿನಲ್ಲೇ ಪ್ರಾಣ ಬಿಡುವ ಪದ್ಧತಿ ರೂಢಿಸಿಕೊಂಡರು. ಈ ಸಲ ನೆರಳು ಸಾಲದೆ, ಮಡಿದಿದ್ದ ಬ್ಯಾಂಕ್ ಮ್ಯಾನೇಜರು “ಸ್ವಲ್ಪ ಆ ಕಡೆ ಸರೀರಿ, ಕಾಲಿಗೆ ಬಿಸಿಲು” ಎಂದು ಶತ್ರುಪಕ್ಷದ ಶವವನ್ನು ಕೇಳಿಕೊಂಡದ್ದೂ, ಆ ಶವ “ನಿಮಗಿಂತ ಮುಂಚೆ ಸತ್ತಿರೋದು ನಾನು ಕಣ್ರೀ” ಎಂದದ್ದೂ ಪ್ರೇಕ್ಷಕರ ಮುಂದಿನ ಸಾಲಿನವರೆಗೆ ಕೇಳಿಸಿತು. ಎರಡೂ ಪಡೆಗಳನ್ನು ಇಷ್ಟು ಹತ್ತಿರ ತಂದ ಕೀರ್ತಿ ಯಾವ ಶಾಂತಿ ಒಪ್ಪಂದಕ್ಕೂ ದಕ್ಕಿರಲಾರದು.

ಅಂದಿನ ನಿಜವಾದ ಕದನದಲ್ಲಿ ನನ್ನ ತಾತ ಮಾತ್ರ ಈ ಅನುಕೂಲ ತಿಳಿಯದೆ ಬಿಸಿಲಿನಲ್ಲಿ ಸತ್ತರು. ಗಾಯಗೊಂಡವರಿಗೆ ನೀರು ಒಯ್ಯುವುದು ಅವರ ಕೆಲಸ. ಮೈದಾನದಂಚಿನ ಮೋಟುಗೋಡೆಯ ಹಿಂದೆ ಮೂವರು ನೀರು ಕೇಳುತ್ತಿದ್ದರು. ಗೋಡೆ ಇನ್ನು ಹತ್ತು ಹೆಜ್ಜೆಯಿರುವಾಗ ತುಂಬಿದ ಕ್ಯಾನಿನ ಸಮೇತ ಬಿದ್ದರೆಂದು ಅವರ ಮೇಲಧಿಕಾರಿ ಬರೆದ ನಾಲ್ಕು ಸಾಲಿನ ಕಾಗದ ಅಮ್ಮನ ಬಳಿಯಿದೆ. ತಂದೆಯೆಂದು ಅವರಿಗಿರುವುದು ಅಷ್ಟೇ. ಆಗ ಅಮ್ಮ ಇನ್ನೂ ಹುಟ್ಟಿರಲಿಲ್ಲ. ಒಂಬತ್ತು ವರ್ಷವೂ ಮುಂದಿನ ಸಾಲಿನಲ್ಲಿ ಕೊಡೆ ಹಿಡಿದು ಕೂತು, ಎಲ್ಲರೂ ಮರದತ್ತ ನೋಡುವಾಗ ಅವರು ಗೋಡೆಯತ್ತ ನೋಡುತ್ತಿದ್ದರು. ನೀರಿನವನದೂ ಒಂದು ಪಾತ್ರವಿರಲೆಂದು ನಾನು ಬರೆದ ಆರು ಅರ್ಜಿಗಳಿಗೆ, ಬಂದೂಕಿಲ್ಲದ ಪಾತ್ರವನ್ನು ಯಾರೂ ಒಪ್ಪುವುದಿಲ್ಲವೆಂದು ತಾವು ಆರು ಸಲವೂ ದಯೆಯಿಟ್ಟು ಉತ್ತರಿಸಿದ್ದೀರಿ.

ಈ ಸಲ “ಅಲ್ಲಿ ಯಾರೂ ಬೀಳೋದೇ ಇಲ್ವಲ್ಲೇ” ಎಂದು ಅಮ್ಮ ಎದ್ದರು. ಕೊಡೆಯನ್ನು ನನ್ನ ಕೈಗಿತ್ತು, ನೀರಿನ ಬಾಟಲಿ ತೆಗೆದುಕೊಂಡು ಮೈದಾನಕ್ಕಿಳಿದರು. “ಅಜ್ಜಿ, ಪಕ್ಕಕ್ಕೆ ಬನ್ನಿ, ಯುದ್ಧ ಕೆಡ್ತಿದೆ!” ಎಂದು ತಾವು ಮೈಕಿನಲ್ಲಿ ಕೂಗಿದಿರಿ. ಒಬ್ಬ ಮುದುಕಿ ನೀರು ಹಿಡಿದು ನಡೆದರೆ ಯುದ್ಧ ಕೆಡುತ್ತದೆಂಬ ಸತ್ಯವನ್ನು ಇಷ್ಟು ಚಿಕ್ಕದಾಗಿ ಹೇಳಿದ ದಂಡನಾಯಕರು ಇನ್ನೊಬ್ಬರಿಲ್ಲ. ಅಮ್ಮ ಓಡಲಿಲ್ಲ, ಬೀಳಲೂ ಇಲ್ಲ. ತಾತನಿಗೆ ಉಳಿದುಹೋಗಿದ್ದ ಹತ್ತು ಹೆಜ್ಜೆಗಳನ್ನೂ ನಡೆದು, ಬಾಟಲಿಯನ್ನು ಗೋಡೆಯ ಹಿಂದೆ ಇಟ್ಟು ಬಂದರು.

ಆದುದರಿಂದ ತಮ್ಮಲ್ಲಿ ಪ್ರಾರ್ಥನೆ. ಮುಂದಿನ ಕದನದೊಳಗೆ ಆ ಗೋಡೆಯ ಬಳಿ ದೊಡ್ಡದೊಂದು ಮರ ಬೆಳೆಯುವಂತೆ ಆಜ್ಞಾಪಿಸಬೇಕು. ಇಲ್ಲವೇ ತಾತನನ್ನು ಅಂದಿನ ತಾರೀಖಿನಿಂದಲೇ ಜಾರಿಗೆ ಬರುವಂತೆ ಈಗಿರುವ ಮರದ ಕೆಳಗೆ ವರ್ಗಾಯಿಸಬೇಕು. ಎರಡೂ ಕಷ್ಟವಾದರೆ, ಯಾರಾದರೂ ಒಬ್ಬರು ಐದೇ ನಿಮಿಷ ಅಲ್ಲಿ ಬಿಸಿಲಿನಲ್ಲಿ ಬಿದ್ದಿರಲಿ. ಯಾರೂ ಸಿಗದಿದ್ದರೆ ನನ್ನನ್ನು ಸೇರಿಸಿಕೊಳ್ಳಿ: ವಯಸ್ಸು ನಲವತ್ತೆಂಟು, ಮಂಡಿ ಗಟ್ಟಿಯಿದೆ, ಬಂದೂಕು ಬೇಡ. ನೋಡುವುದಕ್ಕೆ ಅಮ್ಮನನ್ನು ಒಳಗೆ ಬಿಟ್ಟರೆ ಸಾಕು.

ಬಿಸಿಲಿನಲ್ಲೂ ತಮ್ಮ ವಿಶ್ವಾಸಿಯೇ ಆಗಿರುವ,
ನೀರಿನವನ ಮೊಮ್ಮಗಳು

ಮರೆತ ಮಾತು: ಗೋಡೆಯ ಹಿಂದಿಟ್ಟ ಬಾಟಲಿ ಆಮೇಲೆ ಖಾಲಿಯಾಗಿ ಸಿಕ್ಕಿತು. ವಿಜಯೋತ್ಸವದ ಭಾಷಣಕ್ಕೆ ಮುಂಚೆ ತಾವೇ ಅದನ್ನೆತ್ತಿ ಗಟಗಟ ಕುಡಿದದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಾರೆ. ಅದನ್ನೂ ದೂರಿನಲ್ಲಿ ಸೇರಿಸುತ್ತೇನೆಂದರೆ, “ಬಾಯಾರಿತ್ತೇನೋ ಪಾಪ, ಬಿಡೇ. ಅಂತೂ ಯಾರಿಗೋ ತಲುಪ್ತಲ್ಲ” ಅಂದರು. ಆದ್ದರಿಂದ ನೀರಿನ ಬಗ್ಗೆ ದೂರಿಲ್ಲ. ಮುಚ್ಚಳ ತಮ್ಮ ಸಮವಸ್ತ್ರದ ಜೇಬಿನಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ. ಮುಂದಿನ ವರ್ಷಕ್ಕೆ ಬೇಕಾಗುತ್ತದೆ.